ಮನೆಗಳ ಬೆನ್ನ ಹಿಂದಿನ ಓಣಿ

ಮೈಸೂರಿನ ಹಳೆಯ ಬಡಾವಣೆಗಳಲ್ಲಿ, ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಓಡಾಡಿದವರು ಈ ಓಣಿಗಳನ್ನು ನೋಡಿಯೇ ಇರುತ್ತಾರೆ. ಎರಡು ಸಾಲು ಮನೆಗಳು ಒಂದಕ್ಕೊಂದು ಬೆನ್ನು ಮಾಡಿ ನಿಂತಿರುತ್ತವೆ. ನಡುವೆ ಒಂದು ಕೈಗಾಡಿ ಹೋಗುವಷ್ಟು ಜಾಗ. ಯಾವ ಮನೆಯ ಮುಂಬಾಗಿಲೂ ಅತ್ತ ತೆರೆಯುವುದಿಲ್ಲ, ಯಾರೂ ಅಲ್ಲಿ ರಂಗೋಲಿ ಹಾಕುವುದಿಲ್ಲ, ಅಂಚೆಯವನು ಅಲ್ಲಿಗೆ ಬರುವುದಿಲ್ಲ. ಈಗ ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ, ಮನೆ ಕೆಡವಿದ ಇಟ್ಟಿಗೆ ಸುರಿಯುತ್ತಾರೆ. ಮಲ್ಲೇಶ್ವರದ ಕೆಲವು ಓಣಿಗಳನ್ನು ಈಚೆಗೆ ಚೊಕ್ಕಟ ಮಾಡಿ ಗೋಡೆಗಳಿಗೆ ಚಿತ್ರ ಬರೆದಿದ್ದಾರೆ. ಜನ ಇದನ್ನು ‘ಕನ್ಸರ್ವೆನ್ಸಿ’ ಎನ್ನುತ್ತಾರೆ. ಯಾಕೆ ಹಾಗೆನ್ನುತ್ತಾರೆ ಎಂದು ಕೇಳಿದರೆ ಹಳಬರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ಆಗಿನ ಕಾಲದ್ದು ಬಿಡಿ’ ಎನ್ನುತ್ತಾರೆ.

ಆಗಿನ ಕಾಲದ್ದು ಇಷ್ಟು. ಪ್ರತಿ ಮನೆಯ ಹಿತ್ತಿಲ ಕೊನೆಯಲ್ಲಿ ಕಕ್ಕಸು ಇರುತ್ತಿತ್ತು. ಕೂರುವ ಕಲ್ಲಿನ ಕೆಳಗೆ ಒಂದು ಬುಟ್ಟಿಯೋ ತಗಡಿನ ಡಬ್ಬವೋ. ಓಣಿಯ ಕಡೆಯ ಗೋಡೆಯ ಬುಡದಲ್ಲಿ ಒಂದು ಕಿಂಡಿ, ಅದಕ್ಕೊಂದು ಮುಚ್ಚಳ. ಬೆಳಗಿನ ಹೊತ್ತು ಒಬ್ಬಳು ಹೆಂಗಸೋ ಗಂಡಸೋ ಓಣಿಯೊಳಗೆ ಬಂದು, ಮುಚ್ಚಳ ಎತ್ತಿ, ಡಬ್ಬವನ್ನು ಎಳೆದು, ತಗಡಿನಿಂದ ಬಳಿದು ತುಂಬಿಕೊಂಡು ಹೋಗಬೇಕು. ಮನೆಯವರು ಅವರ ಮುಖ ನೋಡಬೇಕಿಲ್ಲ, ಅವರು ಮನೆಯ ಮುಂದಿನ ಬೀದಿಗೆ ಕಾಲಿಡಬೇಕಿಲ್ಲ. ಐದು ಜನರ ಮನೆಯಿಂದ ದಿನಕ್ಕೆ ಕನಿಷ್ಠ ಒಂದು ಕೆಜಿ ಮಲ ಎಂದಿಟ್ಟುಕೊಳ್ಳಿ. ನೂರು ಮನೆಗಳ ಓಣಿಯಿಂದ ಒಂದು ಕ್ವಿಂಟಲ್. ಮೂತ್ರ ಮತ್ತು ತೊಳೆದ ನೀರು ಸೇರಿದರೆ ತೂಕ ಅದರ ಎಷ್ಟೋ ಪಟ್ಟು. ಮಳೆಗಾಲದಲ್ಲಿ ಅದು ಬುಟ್ಟಿಯಿಂದ ಜಿನುಗಿ ಹೊತ್ತವರ ಮುಖದ ಮೇಲೆ ಇಳಿಯುತ್ತಿತ್ತು.

ಹಳೆಯ ಮೈಸೂರು ಸೀಮೆಯ ಊರುಗಳ ನೈರ್ಮಲ್ಯದ ಇತಿಹಾಸ ನನ್ನ ಪಿಎಚ್.ಡಿ. ವಿಷಯ. ಅದನ್ನು ಆರಿಸಿಕೊಂಡಾಗ ಕೊಳವೆ, ಪಂಪು, ಇಂಜಿನಿಯರುಗಳ ಕತೆ ಬರೆಯುತ್ತೇನೆ ಅಂದುಕೊಂಡಿದ್ದೆ. ಓದುತ್ತ ಹೋದ ಹಾಗೆ ಈ ಓಣಿಯೇ ದೊಡ್ಡದಾಗುತ್ತ ಬಂತು. ನನ್ನ ಕಣ್ಣಿಗೆ ಇದು ಕಲ್ಲು ಗಾರೆಗಳಲ್ಲಿ ಕಟ್ಟಿದ ಒಂದು ಆರೋಗ್ಯ ನೀತಿ.

ಮೊದಲು ಹೆಸರುಗಳ ವಿಷಯ. ‘ಕನ್ಸರ್ವೆನ್ಸಿ’ ಎಂದರೆ ಇಂಗ್ಲಿಷಿನಲ್ಲಿ ಕಾಪಾಡುವುದು. ನದಿ, ಬಂದರುಗಳನ್ನು ನೋಡಿಕೊಳ್ಳುವ ಮಂಡಳಿಗಳಿಗೆ ಆ ಹೆಸರಿತ್ತು. ಬ್ರಿಟಿಷ್ ಇಂಡಿಯಾಕ್ಕೆ ಬಂದು ಅದು ಊರ ಕಸ ಮತ್ತು ಮಲ ತೆಗೆಸುವ ಇಲಾಖೆಯ ಹೆಸರಾಯಿತು. ಮಲಕ್ಕೆ ‘ನೈಟ್ ಸಾಯಿಲ್’ ಎಂಬ ಹೆಸರು ಬಂದದ್ದು ಇಂಗ್ಲೆಂಡಿನ ಊರುಗಳಲ್ಲಿ ಶೌಚಗುಂಡಿಗಳನ್ನು ರಾತ್ರಿ ಹೊತ್ತು ಬಳಿಸುತ್ತಿದ್ದುದರಿಂದ. ನಮ್ಮ ‘ಕಕ್ಕಸು’ ಕೂಡ ಡಚ್ಚರ ‘ಕಕ್‌ಹೌಸ್’ ಎಂಬ ಪದ ಕರಾವಳಿಯಲ್ಲಿ ಇಳಿದು ತಮಿಳಿನ ದಾರಿಯಲ್ಲಿ ಬಂದದ್ದು ಎನ್ನುತ್ತಾರೆ. ಆ ಕೆಲಸ ಮಾಡುವವರಿಗೆ ಮಾತ್ರ ನಾವು ಒಂದಾದ ಮೇಲೊಂದು ಹೆಸರು ಕೊಡುತ್ತ ಬಂದೆವು: ತೋಟಿ, ಜಾಡಮಾಲಿ, ಜಲಗಾರ, ಪೌರಕಾರ್ಮಿಕ. ಇದರಲ್ಲಿ ಜಲಗಾರ ಎಂಬುದು ಸಾಹಿತ್ಯದ ಓದುಗರಿಗೆ ಗೊತ್ತಿರುವ ಪದ. 1928ರ ಕುವೆಂಪು ನಾಟಕದಲ್ಲಿ ಶಿವನೇ ಜಲಗಾರನಾಗಿ ಬರುತ್ತಾನೆ. ಅದೇ ಹೊತ್ತಿನಲ್ಲಿ ಮೈಸೂರಿನ ಓಣಿಗಳಲ್ಲಿ ಮುಚ್ಚಳ ಎತ್ತುತ್ತಿದ್ದವರ ಕಡೆಗೆ ಯಾವ ಮನೆಯ ಕಿಟಕಿಯೂ ತೆರೆದಿರಲಿಲ್ಲ ಎಂಬುದನ್ನು ಪಕ್ಕದಲ್ಲಿಟ್ಟುಕೊಂಡು ಆ ನಾಟಕ ಓದಬೇಕು ಎಂದು ನನ್ನ ಅಭಿಪ್ರಾಯ.

ಮಲ ಮತ್ತು ರೋಗದ ನಂಟು ಜಗತ್ತಿಗೆ ಸ್ಪಷ್ಟವಾಗಿದ್ದು ಲಂಡನ್ನಿನ ಕಾಲರಾದಿಂದ. ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಅಲ್ಲಿನ ಅನುಕೂಲಸ್ಥರ ಮನೆಗಳಿಗೆ ನೀರು ಸುರಿಯುವ ಕಕ್ಕಸು ಬಂತು. ಮನೆಯಡಿಯ ಗುಂಡಿಗಳು ಆ ನೀರನ್ನು ತಡೆಯಲಾರದೆ ತುಂಬಿ ಹರಿದವು. ಅವನ್ನು ಮಳೆನೀರಿನ ಮೋರಿಗೆ ಸೇರಿಸಿದರು, ಮೋರಿಗಳು ಥೇಮ್ಸ್ ನದಿಗೆ ಹೋದವು, ಊರಿನ ಅರ್ಧ ಜನ ಕುಡಿಯುತ್ತಿದ್ದುದು ಅದೇ ನದಿಯ ನೀರು. 1848-49ರ ಕಾಲರಾ ಒಂದರಲ್ಲೇ ಲಂಡನ್ನಿನಲ್ಲಿ 14,000ಕ್ಕೂ ಹೆಚ್ಚು ಜನ ಸತ್ತರು. 1854ರಲ್ಲಿ ಸೋಹೋದ ಬ್ರಾಡ್ ಸ್ಟ್ರೀಟ್ ಸುತ್ತ 600ಕ್ಕೂ ಹೆಚ್ಚು ಜನ ಸತ್ತಾಗ ಡಾ. ಜಾನ್ ಸ್ನೋ ಆ ಬೀದಿಯ ನೀರಿನ ಪಂಪಿನ ಮೇಲೆ ಬೆರಳಿಟ್ಟ. ಕಾಯಿಲೆ ಬಿದ್ದ ಒಂದು ಕೂಸಿನ ಬಟ್ಟೆ ತೊಳೆದ ನೀರು ಪಕ್ಕದ ಶೌಚಗುಂಡಿಗೆ ಬಿದ್ದು, ಅಲ್ಲಿಂದ ಬಾವಿಗೆ ಜಿನುಗಿತ್ತು. ಆದರೂ ಪಾರ್ಲಿಮೆಂಟು ದುಡ್ಡು ಬಿಚ್ಚಿದ್ದು 1858ರ ಬೇಸಿಗೆಯಲ್ಲಿ, ನದಿಯ ನಾತ ತಮ್ಮ ಸಭಾಂಗಣಕ್ಕೇ ಬಂದು ಹೊಡೆದ ಮೇಲೆ. ಬಝಲ್ಗೆಟ್ಟನ ದೊಡ್ಡ ಒಳಚರಂಡಿಗಳು ಹುಟ್ಟಿದ್ದು ಹಾಗೆ. ಈ ಕತೆಯನ್ನು ಪಠ್ಯಪುಸ್ತಕಗಳು ವಿಜ್ಞಾನದ ಗೆಲುವು ಎಂದು ಹೇಳುತ್ತವೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಗುಂಡಿ ಬಳಿಯುತ್ತಿದ್ದ ಲಂಡನ್ನಿನ ಕೂಲಿಗೆ ಆ ಕೆಲಸ ಹುಟ್ಟಿನಿಂದ ಅಂಟಿರಲಿಲ್ಲ. ಕೊಳವೆ ಬಂದಾಗ ಅವನು ಬೇರೆ ಕೂಲಿ ಹುಡುಕಿಕೊಂಡ.

ಇಲ್ಲಿ ಬ್ರಿಟಿಷರನ್ನು ಕಾಡಿದ್ದು ಊರಿನ ಜನರ ಆರೋಗ್ಯಕ್ಕಿಂತ ಮೊದಲು ತಮ್ಮ ಸಿಪಾಯಿಗಳ ಆರೋಗ್ಯ. 1857ರ ದಂಗೆಯ ನಂತರ 1859ರಲ್ಲಿ ರಾಯಲ್ ಕಮಿಷನ್ ಒಂದನ್ನು ನೇಮಿಸಿದರು. 1863ರಲ್ಲಿ ಬಂದ ಅದರ ವರದಿ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಜನ ಸಾಯುತ್ತಿದ್ದರೆಂದು ಲೆಕ್ಕ ಕೊಟ್ಟಿತು. ಕೊಲ್ಲುತ್ತಿದ್ದುದು ಯುದ್ಧಕ್ಕಿಂತ ಹೆಚ್ಚಾಗಿ ಜ್ವರ, ಆಮಶಂಕೆ, ಕಾಲರಾ. ದಂಡುಗಳನ್ನು ಚೊಕ್ಕಟ ಮಾಡಬೇಕು ಎಂಬ ತೀರ್ಮಾನಕ್ಕೆ ಬಂದರು. ಆದರೆ ಲಂಡನ್ನಿನ ಬಗೆಯ ಒಳಚರಂಡಿಗೆ ಹಣ ಬೇಕು, ಎಡೆಬಿಡದೆ ಹರಿಯುವ ನೀರು ಬೇಕು. ಆಗ ಕೈಗೆ ಸಿಕ್ಕಿದ್ದು ಹೆನ್ರಿ ಮೌಲ್ ಎಂಬ ಪಾದ್ರಿ 1860ರಲ್ಲಿ ಪೇಟೆಂಟ್ ಪಡೆದ ಒಣಮಣ್ಣಿನ ಕಕ್ಕಸು. ಮಲದ ಮೇಲೆ ಒಣ ಮಣ್ಣು ಉದುರಿಸಿದರೆ ವಾಸನೆ ಅಡಗುತ್ತದೆ, ಕೆಲವು ವಾರಗಳಲ್ಲಿ ಅದು ಗೊಬ್ಬರವಾಗುತ್ತದೆ. ಇಂಗ್ಲೆಂಡಿನ ಹಳ್ಳಿಮನೆಗಳಿಗಾಗಿ ಹುಟ್ಟಿದ ಈ ಉಪಾಯ ಇಲ್ಲಿನ ಜೈಲು, ಬ್ಯಾರಕ್ಕುಗಳಿಗೆ ಹೊಂದಿಕೊಂಡಿತು. ಅಲ್ಲಿಂದ ಅದೇ ಮಾದರಿ, ಮಣ್ಣಿನ ಭಾಗವನ್ನು ಕೈಬಿಟ್ಟು ಬುಟ್ಟಿಯ ಭಾಗವನ್ನಷ್ಟೇ ಉಳಿಸಿಕೊಂಡು, ಊರುಗಳಿಗೆ ಬಂತು.

ಮಲ ಹೊರುವ ಪದ್ಧತಿ ಸಾವಿರಾರು ವರ್ಷ ಹಳೆಯದು ಎಂಬ ಮಾತನ್ನು ನಾವು ಸಲೀಸಾಗಿ ಆಡುತ್ತೇವೆ. ಅದು ಅರ್ಧ ನಿಜ. ಜಾತಿ ಹಳೆಯದು, ಹೊಲಸು ಕೆಲಸಗಳನ್ನು ಕೆಲವರ ಹುಟ್ಟಿಗೆ ಕಟ್ಟಿದ್ದೂ ಹಳೆಯದು. ಆದರೆ ನಮ್ಮ ಬಹುಪಾಲು ಜನ ಚೊಂಬು ಹಿಡಿದು ಬಯಲಿಗೆ ಹೋಗುತ್ತಿದ್ದವರು. ಮನೆಮನೆಗೂ ಬುಟ್ಟಿ ಕಕ್ಕಸು, ಅದನ್ನು ಬಳಿಯಲು ಸಂಬಳದ ಹುದ್ದೆ, ಹುದ್ದೆಗೆ ಒಂದೇ ಜಾತಿಯ ಅರ್ಜಿದಾರರು, ಅವರಿಗೊಂದು ಕಾಲೋನಿ, ಅವರು ಬರಲೊಂದು ಓಣಿ: ಇಷ್ಟೂ ಒಟ್ಟಿಗೆ ಸೇರಿದ್ದು ಮುನಿಸಿಪಾಲಿಟಿಯ ಕಾಲದಲ್ಲಿ. ಜಾತಿ ಇಲ್ಲದೇ ಹೋಗಿದ್ದರೆ ಈ ವ್ಯವಸ್ಥೆಯ ಖರ್ಚುವೆಚ್ಚದ ಲೆಕ್ಕ ಕೂಡುತ್ತಲೇ ಇರಲಿಲ್ಲ. ಕೊಳವೆ ಹಾಕಿಸುವುದಕ್ಕಿಂತ ಮನುಷ್ಯರು ಅಗ್ಗವಾಗಿದ್ದರು.

ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರ ಆಗಸ್ಟಿನಲ್ಲಿ. ಪ್ಲೇಗಿಗೂ ಮಲಕ್ಕೂ ನೇರ ಸಂಬಂಧವಿಲ್ಲ, ಅದು ಇಲಿ ಮತ್ತು ಚಿಗಟಗಳ ಕೆಲಸ. ಆದರೆ ಅಂದಿನ ಅಧಿಕಾರಿಗಳ ಕಣ್ಣಿಗೆ ಕಂಡದ್ದು ಪೇಟೆಯ ಇಕ್ಕಟ್ಟು ಮತ್ತು ಕೊಳಕು. ಅದಾಗಲೇ ಯೋಜನೆಯಲ್ಲಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೆ ಪ್ಲೇಗಿನ ಭಯ ಜೀವ ತುಂಬಿತು. ಅಗಲವಾದ ನೇರ ರಸ್ತೆ, ಗಾಳಿ ಬೆಳಕಿನ ನಿವೇಶನ, ಹಿಂದೆ ಓಣಿ. ಬ್ಲಾಕುಗಳನ್ನು ಹಂಚುವಾಗ ಜಾತಿ, ಮತಗಳನ್ನೂ ಗಮನದಲ್ಲಿಟ್ಟುಕೊಂಡಿದ್ದರು. ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬರತೊಡಗಿದ್ದು 1896ರಲ್ಲಿ. ಅಂದರೆ ಹೊಸ ಬಡಾವಣೆಗಳ ಮನೆಗಳಿಗೆ ನೀರು ಕೊಳವೆಯಲ್ಲಿ ಬಂತು, ಮಲ ತಲೆಯ ಮೇಲೆ ಹೋಯಿತು. ಒಳಚರಂಡಿಯ ಕೆಲಸ ಶುರುವಾದದ್ದು 1920ರ ದಶಕದಲ್ಲಿ, ಅದೂ ಊರಿನ ಒಂದು ಭಾಗಕ್ಕೆ.

ಕಾಲರಾ, ವಿಷಮಶೀತ ಜ್ವರ, ಆಮಶಂಕೆ, ಜಂತುಹುಳು, ಪೋಲಿಯೊ, ಒಂದು ಬಗೆಯ ಕಾಮಾಲೆ, ಇವೆಲ್ಲ ಹರಡುವುದು ಒಬ್ಬರ ಮಲದ ಅಂಶ ಇನ್ನೊಬ್ಬರ ಬಾಯಿ ಸೇರುವುದರಿಂದ. ನೀರು, ನೊಣ, ಕೈಬೆರಳು, ಹೊಲದ ಸೊಪ್ಪು, ಹೀಗೆ ದಾರಿಗಳು ಹಲವು. ಕೊಕ್ಕೆಹುಳು ಬಾಯಿಗೂ ಕಾಯುವುದಿಲ್ಲ, ಮಲ ಬಿದ್ದ ಮಣ್ಣಿನಿಂದ ಬರಿಗಾಲಿನ ಚರ್ಮವನ್ನೇ ಕೊರೆದು ಒಳಗೆ ಹೋಗಿ, ಕರುಳಿಗೆ ಕಚ್ಚಿ ರಕ್ತ ಹೀರುತ್ತದೆ. 1884ರಲ್ಲಿ ರಾಬರ್ಟ್ ಕೋಖ್ ಕಲ್ಕತ್ತೆಯಲ್ಲಿ ಕುಳಿತು ಕಾಲರಾದ ಬ್ಯಾಕ್ಟೀರಿಯಾವನ್ನು ಗುರುತಿಸಿದ ಮೇಲೆ ಈ ಮಾತಿನಲ್ಲಿ ಅನುಮಾನಕ್ಕೆ ಹೆಚ್ಚು ಜಾಗವಿರಲಿಲ್ಲ. ವಿಜ್ಞಾನ ಕೇಳಿದ್ದು ಇಷ್ಟೇ: ಮಲಕ್ಕೂ ಮನುಷ್ಯನಿಗೂ ನಡುವಿನ ಸಂಪರ್ಕ ಕಡಿಯಿರಿ. ನಮ್ಮ ಊರುಗಳು ಮನೆಯವರ ಮಟ್ಟಿಗೆ ಅದನ್ನು ಕಡಿದು, ಇಡೀ ಊರಿನ ಸಂಪರ್ಕವನ್ನು ಕೆಲವು ನೂರು ಜನರ ಕೈ, ತಲೆ, ಬರಿಗಾಲುಗಳಿಗೆ ಗಂಟುಹಾಕಿದವು. ಸಾರ್ವಜನಿಕ ಆರೋಗ್ಯ ಎಂಬ ಮಾತಿನಲ್ಲಿ ಆ ‘ಸಾರ್ವಜನಿಕ’ ಯಾರು ಎಂಬ ಪ್ರಶ್ನೆ ನನ್ನ ಪ್ರಬಂಧದ ಪ್ರತಿ ಅಧ್ಯಾಯದಲ್ಲೂ ಬಂದು ಕೂರುತ್ತಿದೆ. ತಕಳಿಯವರ 1947ರ ಮಲಯಾಳಂ ಕಾದಂಬರಿ ‘ತೋಟಿಯುಡೆ ಮಗನ್’ ಅಲೆಪ್ಪಿಯ ತೋಟಿಗಳ ಮೂರು ತಲೆಮಾರಿನ ಕತೆ. ಮಗನನ್ನು ಹೇಗಾದರೂ ಈ ಕೆಲಸದಿಂದ ತಪ್ಪಿಸಬೇಕೆಂದು ಬದುಕಿಡೀ ಹೆಣಗುವ ತಂದೆ ಅಲ್ಲಿ ಕಾಲರಾಕ್ಕೇ ಬಲಿಯಾಗುತ್ತಾನೆ. ಊರನ್ನು ಕಾಲರಾದಿಂದ ಕಾಯುವ ಕೆಲಸ ಮಾಡಿದವನು ಅವನು.

ಇಲ್ಲಿ ಬೆಂಗಳೂರಿನ ಇನ್ನೊಂದು ಕತೆ ಹೇಳಬೇಕು. ಮ್ಯಾಂಚೆಸ್ಟರಿನಲ್ಲಿ 1914ರಲ್ಲಿ ಕೊಳಚೆ ನೀರಿಗೆ ಗಾಳಿ ಹಾಯಿಸಿ ಶುದ್ಧ ಮಾಡುವ ವಿಧಾನ ರೂಪುಗೊಂಡಿತು. ಇಂದಿಗೂ ಜಗತ್ತಿನ ಬಹುಪಾಲು ಶುದ್ಧೀಕರಣ ಘಟಕಗಳು ನಡೆಯುವುದು ಅದರ ಮೇಲೆ. ಆ ಕೆಲಸದ ಹಿಂದಿದ್ದ ಗಿಲ್ಬರ್ಟ್ ಫೌಲರ್ ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಅದೇ ಸಂಸ್ಥೆಯ ಸಿ.ಎನ್. ಆಚಾರ್ಯ 1939ರ ಹೊತ್ತಿಗೆ ಕೊಟ್ಟಿದ್ದು ‘ಬೆಂಗಳೂರು ವಿಧಾನ’. ವೈದ್ಯಕೀಯ ವಿದ್ಯಾರ್ಥಿಗಳು ಸಮುದಾಯ ಆರೋಗ್ಯದ ಪಾಠದಲ್ಲಿ ಈಗಲೂ ಇದನ್ನು ಓದುತ್ತಾರೆ. ಸುಮಾರು ಒಂದು ಮೀಟರ್ ಆಳದ ಕಂದಕ, ಅದರಲ್ಲಿ ಒಂದು ಪದರ ಊರ ಕಸ, ಅದರ ಮೇಲೆ ತೆಳುವಾಗಿ ಮಲ, ಮತ್ತೆ ಕಸ, ಮತ್ತೆ ಮಲ, ಕೊನೆಗೆ ಮೇಲೊಂದು ಮಣ್ಣಿನ ಹೊದಿಕೆ. ಒಂದು ವಾರದೊಳಗೆ ಒಳಗಿನ ಕಾವು 60 ಡಿಗ್ರಿ ದಾಟುತ್ತದೆ, ಹುಳು, ಮೊಟ್ಟೆ, ರೋಗಾಣುಗಳು ಸಾಯುತ್ತವೆ. ನಾಲ್ಕರಿಂದ ಆರು ತಿಂಗಳಲ್ಲಿ ವಾಸನೆಯಿಲ್ಲದ ಗೊಬ್ಬರ. ಮಗುಚುವ ಕೆಲಸವೂ ಇಲ್ಲ. ನಿಜಕ್ಕೂ ಚೆಂದದ ವಿಜ್ಞಾನ. ಊರಿನ ಮಲ ನದಿಗೆ ಹೋಗದೆ ಹೊಲಕ್ಕೆ ಹೋಗುವುದು ಲಂಡನ್ನಿನ ಬುದ್ಧಿಗಿಂತ ಎಷ್ಟೋ ಮೇಲು. ಒಂದೇ ತೊಡಕು, ಕಂದಕದ ದಂಡೆಯವರೆಗೆ ಮಲ ಹೇಗೆ ಬರುತ್ತದೆ ಎಂಬುದು ಆ ವಿಧಾನದೊಳಗೆ ಇಲ್ಲ. ಬುಟ್ಟಿ, ಓಣಿ, ಬಂಡಿ, ಹೊರುವವರು ಎಲ್ಲ ಮೊದಲೇ ಇದ್ದಾರೆ ಎಂದು ಅದು ಇಟ್ಟುಕೊಂಡಿದೆ.

ಫ್ಲಶ್ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯೂ ಅದೇ ಕಾಲದ್ದು. ಮುಲ್ಕ್ ರಾಜ್ ಆನಂದರ 1935ರ ‘ಅನ್‌ಟಚೆಬಲ್’ ಕಾದಂಬರಿಯ ಕೊನೆಯಲ್ಲಿ ಬಖಾ ಎಂಬ ಹುಡುಗನಿಗೆ ಕಾಣುವ ದಾರಿಗಳಲ್ಲಿ ಗಾಂಧಿಯ ಮಾತೂ ಒಂದು, ಫ್ಲಶ್ ಯಂತ್ರವೂ ಒಂದು. ಆದರೆ ಹಳೆಯ ಮಾದರಿಯ ಫ್ಲಶ್ ತೊಟ್ಟಿ ಒಂದು ಸಲಕ್ಕೆ 12.5 ಲೀಟರ್ ನೀರು ಕೇಳುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಸಾಲು ನಿಲ್ಲುವ ಊರುಗಳಿಗೆ ಅದು ಬರಲು ದಶಕಗಳೇ ಹಿಡಿದವು.

ನಮ್ಮಲ್ಲಿ ಬುಟ್ಟಿಯನ್ನು ಕೆಳಗಿಳಿಸಿದ್ದು ಯಂತ್ರಕ್ಕಿಂತ ಮೊದಲು ಒಂದು ರಾಜಕೀಯ ನಿರ್ಧಾರ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಬಿ. ಬಸವಲಿಂಗಪ್ಪ ಎಂದರೆ 1973ರ ಬೂಸಾ ಚಳವಳಿ. ಕನ್ನಡ ಸಾಹಿತ್ಯದ ಬಗ್ಗೆ ಅವರಾಡಿದ ಮಾತು, ಅದರ ಸುತ್ತಿನ ಗಲಾಟೆ, ಅವರು ಕಳೆದುಕೊಂಡ ಮಂತ್ರಿ ಪದವಿ. ಅದೇ ಬಸವಲಿಂಗಪ್ಪನವರು ದೇವರಾಜ ಅರಸು ಸಂಪುಟದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶದ ಕಾಯ್ದೆಗಿಂತ ಸುಮಾರು ಇಪ್ಪತ್ತು ವರ್ಷ ಮೊದಲು. ಬೂಸಾದ ಮಾತು ನೂರು ಲೇಖನಗಳಲ್ಲಿ ಬಂದಿದೆ, ಈ ಆದೇಶದ ಮೇಲೆ ಬರೆದವರು ಕಡಿಮೆ. ಎರಡರಲ್ಲಿ ಕನ್ನಡನಾಡನ್ನು ಹೆಚ್ಚು ಬದಲಿಸಿದ್ದು ಯಾವುದು ಎಂದು ಕೇಳಿದರೆ ನನ್ನ ಉತ್ತರ ಎರಡನೆಯದು. 1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಸ್ಥಿತಿಯ ಬಗ್ಗೆ ವರದಿ ಕೊಟ್ಟಿತು. 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಇರಬೇಕು ಎಂಬ ಅದರ ಲೆಕ್ಕವನ್ನು ಪೌರಕಾರ್ಮಿಕರ ಸಂಘಟನೆಗಳು ಇವತ್ತಿಗೂ ಹಿಡಿದು ಕೇಳುತ್ತಿವೆ.

ಆದರೆ ಆದೇಶ ಎಲ್ಲ ಕಡೆಗೂ ತಲುಪಲಿಲ್ಲ. ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂತು. ನೆಲದಡಿ ಮೂರು ಕಿಲೋಮೀಟರ್ ಆಳಕ್ಕೆ ಮನುಷ್ಯರನ್ನು ಇಳಿಸಿ ಮೇಲೆ ತರುವ ಯಂತ್ರಗಳೂ ಇದ್ದವು. ಆದರೆ ಗಣಿ ಕಾರ್ಮಿಕರ ಸಾಲುಮನೆಗಳ ಸಾಮೂಹಿಕ ಒಣ ಕಕ್ಕಸುಗಳನ್ನು 1990ರ ದಶಕದವರೆಗೂ ಮನುಷ್ಯರೇ ಬಳಿಯುತ್ತಿದ್ದರು. ಆಗ ಅದು ಕೇಂದ್ರ ಸರ್ಕಾರದ ಉದ್ದಿಮೆ. 1966ರಲ್ಲಿ ಅಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರ ತಂದೆ, ಅಣ್ಣ ಇಬ್ಬರೂ ಅದೇ ಕೆಲಸದಲ್ಲಿದ್ದವರು. ವಿಲ್ಸನ್ ಪತ್ರ ಬರೆದರು, ಫೋಟೊ ತೆಗೆಸಿದರು, ಕೋರ್ಟಿಗೆ ಹೋಗುತ್ತೇನೆಂದರು. ಗಣಿಯ ಕಕ್ಕಸುಗಳು ಬದಲಾದವು. ಸಫಾಯಿ ಕರ್ಮಚಾರಿ ಆಂದೋಲನ ಬೆಳೆದದ್ದು ಅಲ್ಲಿಂದ. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

1993ರಲ್ಲಿ ಸಂಸತ್ತು ಮಲ ಹೊರಿಸುವುದನ್ನೂ ಒಣ ಕಕ್ಕಸು ಕಟ್ಟುವುದನ್ನೂ ನಿಷೇಧಿಸಿತು. ನೈರ್ಮಲ್ಯ ರಾಜ್ಯಗಳ ವಿಷಯವಾದ್ದರಿಂದ ಕೆಲವು ರಾಜ್ಯಗಳು ನಿರ್ಣಯ ಮಾಡಿ ಕೇಂದ್ರವನ್ನು ಕೇಳಿಕೊಳ್ಳಬೇಕಾಗಿತ್ತು. ಕೇಳಿಕೊಂಡವುಗಳಲ್ಲಿ ಕರ್ನಾಟಕವೂ ಒಂದು. 2011ರ ಜನಗಣತಿ ಬಂದಾಗ ದೇಶದಲ್ಲಿ ಮನುಷ್ಯರು ಮಲ ಬಳಿಯುವ ಕಕ್ಕಸುಗಳು 7.94 ಲಕ್ಷ ಉಳಿದಿದ್ದವು. ಅದಕ್ಕೂ ಒಂದು ವರ್ಷ ಮುಂಚೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದ ಕೆಲವರು ತಮ್ಮನ್ನು ವಾಸದ ಜಾಗದಿಂದ ಎಬ್ಬಿಸುವುದರ ವಿರುದ್ಧ ಪುರಸಭೆ ಕಚೇರಿಯ ಮುಂದೆ ಮಲವನ್ನು ಮೈಮೇಲೆ ಸುರಿದುಕೊಂಡರು. ಹಿಂದಿನ ಓಣಿಯಲ್ಲಿ ಇರಬೇಕಾದದ್ದು ಮುಂದಿನ ಬೀದಿಗೆ, ಹಗಲು ಹೊತ್ತಿನಲ್ಲಿ, ಕ್ಯಾಮೆರಾಗಳ ಮುಂದೆ ಬಂತು. ಆ ಚಿತ್ರ ನೋಡಿ ಕನ್ನಡಿಗರು ಬೆಚ್ಚಿದರು. ಬೆಚ್ಚಿದ್ದು ಮಲಕ್ಕೋ ಅವರ ಸ್ಥಿತಿಗೋ ಎಂದು ನಾನಿನ್ನೂ ಯೋಚಿಸುತ್ತೇನೆ.

ಈಗ ಬುಟ್ಟಿ ಹೋಗಿದೆ, ಬಹುತೇಕ. ಅದರ ಜಾಗದಲ್ಲಿ ಗುಂಡಿಗಳು ಬಂದಿವೆ. ಒಳಚರಂಡಿ ತಲುಪದ ಬಡಾವಣೆಗಳಲ್ಲಿ ಪ್ರತಿ ಮನೆಯಡಿಯೂ ಒಂದು. ಅದನ್ನು ಲಾರಿ ಟ್ಯಾಂಕರುಗಳು ಹೀರುತ್ತವೆ, ಬೆಂಗಳೂರಿನ ಸುತ್ತ ಅದೆಷ್ಟೋ ಕಾಲ ಅದು ನೇರ ರೈತರ ಹೊಲಗಳಿಗೆ ಹೋಗುತ್ತಿತ್ತು. 2015ರಲ್ಲಿ ದೇವನಹಳ್ಳಿಯಲ್ಲಿ ಇಂಥ ಗುಂಡಿಯ ರಾಡಿಯನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ ಶುರುವಾಯಿತು, ದೇಶದಲ್ಲಿ ಒಂದು ಇಡೀ ಊರಿಗಾಗಿ ಕಟ್ಟಿದವುಗಳಲ್ಲಿ ಮೊದಲ ಸಾಲಿನದು. ಇಲ್ಲಿ ಕೊನೆಗೂ ಮಲ ಬರುವ ದಾರಿಯೂ ಲೆಕ್ಕಕ್ಕೆ ಬಂದಿದೆ. ಆದರೆ ಟ್ಯಾಂಕರಿನ ಪೈಪು ಮೇಲಿನ ನೀರನ್ನು ಎಳೆಯುತ್ತದೆ, ತಳದಲ್ಲಿ ಗಟ್ಟಿಯಾದದ್ದು ಉಳಿಯುತ್ತದೆ. ಒಳಚರಂಡಿಯಲ್ಲಿ ಪ್ಲಾಸ್ಟಿಕ್, ಮರಳು, ಬಟ್ಟೆ ಕಟ್ಟಿಕೊಳ್ಳುತ್ತದೆ. ಆಗ ಒಬ್ಬರನ್ನು ಇಳಿಸುತ್ತಾರೆ. ಇಳಿಯುವವರ ಜಾತಿ ಹೆಚ್ಚು ಬದಲಾಗಿಲ್ಲ.

ಒಳಗೆ ಕೊಲ್ಲುವುದು ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ. ಸ್ವಲ್ಪವೇ ಇದ್ದಾಗ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ, ಹೆಚ್ಚಾದಾಗ ಮೂಗಿನ ಸಂವೇದನೆಯನ್ನೇ ಸಾಯಿಸಿಬಿಡುತ್ತದೆ. ವಾಸನೆ ಹೋಯಿತು ಎಂದುಕೊಂಡು ಮನುಷ್ಯ ಇನ್ನೊಂದು ಮೆಟ್ಟಿಲು ಇಳಿಯುತ್ತಾನೆ. ಇನ್ನೂ ಹೆಚ್ಚಿದ್ದರೆ ಎರಡು ಮೂರು ಉಸಿರಿನಲ್ಲಿ ಕುಸಿಯುತ್ತಾನೆ, ಕೂಗಲೂ ಆಗುವುದಿಲ್ಲ. ಮೇಲಿದ್ದವನು ಅವನನ್ನು ಎತ್ತಲು ಇಳಿಯುತ್ತಾನೆ, ಆಮೇಲೆ ಮೂರನೆಯವನು. ಪತ್ರಿಕೆಗಳಲ್ಲಿ ಈ ಸಾವುಗಳು ಎರಡು, ಮೂರು ಎಂದು ಜೊತೆಜೊತೆಯಾಗಿ ಬರುವುದು ಅದಕ್ಕೆ.

2013ರ ಹೊಸ ಕಾಯ್ದೆ ಇದನ್ನು ‘ಅಪಾಯಕಾರಿ ಶುಚಿಕಾರ್ಯ’ ಎಂದು ಕರೆದು ನಿಷೇಧಿಸಿತು. ಅದರ ವ್ಯಾಖ್ಯೆಯ ಪ್ರಕಾರ ರಕ್ಷಣಾ ಸಲಕರಣೆ ಕೊಡದೆ ಇಳಿಸುವುದು ಅಪರಾಧ. ಕೊಟ್ಟು ಇಳಿಸುವುದು ಬೇರೆ ವಿಷಯ. 2014ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್, 1993ರಿಂದ ಹೀಗೆ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಈ ಎರಡು ತೀರ್ಪುಗಳ ನಡುವೆ, 2021ರಲ್ಲಿ, ಮಲ ಹೊರುವ ಕೆಲಸದಿಂದ ದೇಶದಲ್ಲಿ ಎಷ್ಟು ಜನ ಸತ್ತಿದ್ದಾರೆ ಎಂಬ ಪ್ರಶ್ನೆಗೆ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಉತ್ತರ ಕೊಟ್ಟಿತು: ಆ ಕಾರಣದಿಂದ ಸತ್ತ ವರದಿ ಒಂದೂ ಇಲ್ಲ. ಒಳಚರಂಡಿ ಮತ್ತು ಶೌಚಗುಂಡಿಗಳನ್ನು ಶುಚಿ ಮಾಡುವಾಗ ಸತ್ತವರ ಸಂಖ್ಯೆಯನ್ನು ಬೇರೆಯಾಗಿಯೇ ಹೇಳಿತ್ತು. ಅದು 941.